ಅಂಗನವಾಡಿ ಚಮಚದಿಂದ ಸೀರಮ್ ಬಾಟಲಿವರೆಗೆ

ಹೋದ ತಿಂಗಳು ಅಕ್ಕನ ಮಗಳು ಮನೆಗೆ ಬಂದಾಗ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡೇ ಒಳಗೆ ಬಂದಳು. ಮೂಗಿನ ಎರಡೂ ಬದಿ ಚರ್ಮ ಈರುಳ್ಳಿ ಸಿಪ್ಪೆ ಥರ ಎದ್ದಿತ್ತು. ತುಟಿಯಂಚು ಕೆಂಪಗಾಗಿತ್ತು. ತಣ್ಣೀರು ತಾಗಿದರೂ ಉರಿ. ಆನ್‌ಲೈನಲ್ಲಿ ತರಿಸಿದ ರೆಟಿನಾಲ್ ಸೀರಮ್ಮನ್ನು ಹತ್ತು ದಿನ ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಹಚ್ಚಿದ್ದಳಂತೆ. "ವಿಟಮಿನ್ ಅಲ್ವಾ ಚಿಕ್ಕಮ್ಮ, ಏನೂ ಆಗಲ್ಲ ಅಂದ್ಕೊಂಡೆ" ಅಂದಳು.

ಈ "ವಿಟಮಿನ್ ಅಲ್ವಾ" ಅನ್ನುವ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ರೆಟಿನಾಲ್ ಅಂದರೆ ವಿಟಮಿನ್ ಎ, ಅದರ ಒಂದು ರೂಪ. ಕಣ್ಣಿನ ರೆಟಿನಾದಿಂದಲೇ ಆ ಹೆಸರು. ಮಬ್ಬು ಬೆಳಕಲ್ಲಿ ನಮಗೆ ಕಾಣಿಸಬೇಕಾದರೆ ಕಣ್ಣಿಗೆ ಇದು ಬೇಕೇ ಬೇಕು. ಕಡಿಮೆಯಾದರೆ ಮೊದಲು ಬರುವುದು ಇರುಳುಗುರುಡು. ಅದಕ್ಕೇ ಅಂಗನವಾಡಿಯಲ್ಲಿ ಮಕ್ಕಳಿಗೆ ವಿಟಮಿನ್ ಎ ಸಿರಪ್ ಕುಡಿಸುವುದು. ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಜೊತೆ ಅರ್ಧ ಚಮಚ, ಅಂದರೆ 1 ಲಕ್ಷ ಯೂನಿಟ್. ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ. ಕುಡಿಸಿದ ಕೂಡಲೇ ಕಾರ್ಡಿನಲ್ಲಿ ತಾರೀಖು ಬರೆಯುತ್ತಾರೆ. ಯಾಕೆ ಅಷ್ಟು ಲೆಕ್ಕ? ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್. ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗಿಬಿಡುವುದಿಲ್ಲ, ಲಿವರ್‌ನಲ್ಲಿ ಕೂತುಬಿಡುತ್ತದೆ. ಮಿತಿ ಮೀರಿದರೆ ಅದೇ ವಿಷ.

ಸೊಪ್ಪು ತರಕಾರಿಗೆ ಈ ಭಯ ಇಲ್ಲ. ನುಗ್ಗೆಸೊಪ್ಪು, ಕ್ಯಾರೆಟ್, ಪಪ್ಪಾಯಿಯಲ್ಲಿ ಇರುವುದು ಬೀಟಾ ಕ್ಯಾರೊಟಿನ್. ದೇಹ ತನಗೆ ಬೇಕಾದಷ್ಟನ್ನೇ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಪಲ್ಯಕ್ಕೆ ಒಂದಿಷ್ಟು ಎಣ್ಣೆ ಬಿದ್ದರೆ ಇನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ. ಹಾಲು, ತುಪ್ಪ, ಮೊಟ್ಟೆಯ ಹಳದಿ, ಲಿವರ್‌ನಂಥವುಗಳಲ್ಲಿ ಮಾತ್ರ ರೆಟಿನಾಲ್ ಸಿದ್ಧವಾಗಿಯೇ ಸಿಗುತ್ತದೆ.

ಇನ್ನು ಚರ್ಮದ ವಿಷಯ. ಹಚ್ಚಿದ ರೆಟಿನಾಲ್ ಚರ್ಮದೊಳಗೆ ಎರಡು ಹಂತದಲ್ಲಿ ರೆಟಿನೋಯಿಕ್ ಆಸಿಡ್ ಆಗುತ್ತದೆ. ನಿಜವಾದ ಕೆಲಸ ಮಾಡುವುದು ಅದು. ಹಳೆ ಕೋಶ ಉದುರಿ ಹೊಸದು ಬೇಗ ಬರುತ್ತದೆ, ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಎಂಬ ಪ್ರೋಟೀನ್ ಹೆಚ್ಚುತ್ತದೆ, ಮೊಡವೆ, ಕಲೆ, ಸಣ್ಣ ಸುಕ್ಕು ಕಡಿಮೆಯಾಗುತ್ತವೆ. ಡಾಕ್ಟರು ಮೊಡವೆಗೆ ಬರೆದುಕೊಡುವ ಟ್ರೆಟಿನೋಯಿನ್ ಅಂದರೆ ಆ ಆಸಿಡ್ಡೇ. ಅದಕ್ಕೇ ಅದು ರೆಟಿನಾಲ್‌ಗಿಂತ ಖಾರ. ರೆಟಿನಾಲ್ ಒಳ್ಳೆಯದೇ, ನಾನೂ ಎರಡು ವರ್ಷದಿಂದ ಹಚ್ಚುತ್ತಿದ್ದೇನೆ. ಆದರೆ ಇದು ಪೌಡರ್ ಅಲ್ಲ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ರಾತ್ರಿ ಮಾತ್ರ, ಮುಖ ಪೂರ್ತಿ ಒಣಗಿದ ಮೇಲೆ. ಶುರುವಿನಲ್ಲಿ ವಾರಕ್ಕೆ ಎರಡು ದಿನ. ಮೇಲೆ ಮಾಯಿಶ್ಚರೈಸರ್, ಬೆಳಿಗ್ಗೆ ಸನ್‌ಸ್ಕ್ರೀನ್. ಫಲ ಕಾಣಲು ಮೂರು ತಿಂಗಳಾದರೂ ಬೇಕು. ಗಾಳಿ, ಬೆಳಕಿಗೆ ಕೆಡುವ ವಸ್ತು, ಕಿಟಕಿ ಮೇಲೆ ಇಡಬೇಡಿ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಬಸುರಿಯಾಗಿದ್ದರೆ, ಅಥವಾ ಮಗುವಿಗೆ ಪ್ರಯತ್ನಿಸುತ್ತಿದ್ದರೆ ಇದನ್ನು ಮುಟ್ಟಬೇಡಿ. ಜೋರು ಮೊಡವೆಗೆ ಕೊಡುವ, ಇದೇ ಕುಟುಂಬದ ಐಸೊಟ್ರೆಟಿನೋಯಿನ್ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿನ ಮುಖ, ಹೃದಯ, ಮೆದುಳಿಗೆ ಪೆಟ್ಟು ಕೊಡುತ್ತದೆ. ಹಚ್ಚುವುದು ರಕ್ತಕ್ಕೆ ಸೇರುವುದು ತೀರಾ ಕಡಿಮೆ, ನಿಜ. ಆದರೂ ಸುಕ್ಕಿಗಾಗಿ ಮಗುವಿನ ವಿಷಯದಲ್ಲಿ ಯಾಕೆ ಅಪಾಯ ತಂದುಕೊಳ್ಳಬೇಕು? ಈ ಎಚ್ಚರಿಕೆ ಪೆಟ್ಟಿಗೆಯ ಮೇಲೆ ಕಣ್ಣಿಗೆ ಹೊಡೆಯುವ ಹಾಗೆ ದಪ್ಪಕ್ಷರದಲ್ಲಿ ಇರಬೇಕು. ನಮ್ಮ ಹುಡುಗಿಯ ಬಾಟಲಿಯಲ್ಲಿ ಅದನ್ನು ಓದಲು ನಾನು ಕನ್ನಡಕ ಹಾಕಿಕೊಳ್ಳಬೇಕಾಯಿತು.

ಅವಳನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಲ್ಲ ನಿಲ್ಲಿಸಿ, ಬರೀ ಮಾಯಿಶ್ಚರೈಸರ್ ಹಚ್ಚಿಸಿದರು. ಮೂರು ವಾರಕ್ಕೆ ಮುಖ ತಿಳಿಯಾಯಿತು. ಈಗ ಮತ್ತೆ ಶುರು ಮಾಡಿದ್ದಾಳೆ. ಬಾಟಲಿ ಮೇಲೆ ಮಾರ್ಕರ್‌ನಲ್ಲಿ "ಸೋಮ, ಗುರು" ಅಂತ ಬರೆದಿಟ್ಟುಕೊಂಡಿದ್ದಾಳೆ.