ಹಾವಸೆ ಹುಡುಗಿಯ ಬಾಯಿ

ಮೊದಲು ಗಾಬರಿಯಾದದ್ದು ಅವ್ವ.

ಅಕ್ಕನ ಮಗ ಓದಲಿಕ್ಕೆ ಫಿನ್ಲೆಂಡಿಗೆ ಹೋಗಿದ್ದಾನೆ. ಅವನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕುವ ಫೋಟೋಗಳಲ್ಲಿ ಅರ್ಧ ಹಿಮದವು, ಅರ್ಧ ಅವನೇ ಮಾಡಿಕೊಂಡ ಚಿತ್ರಾನ್ನದವು. ಮೇ ತಿಂಗಳಲ್ಲಿ ಒಂದು ದಿನ ಬೇರೆಯದೇ ಬಂತು. ಬಿಳಿ ಗೋಡೆಯ ಖಾಲಿ ಕೋಣೆ. ನಡುವೆ ಏಳೆಂಟು ವರ್ಷದ ಹುಡುಗಿ. ಕೂದಲು, ಕೆನ್ನೆ, ಅಂಗಿ, ಕಾಲಿನ ಬೆರಳು ಎಲ್ಲಾ ಒಂದೇ ಹಸಿರು. ಬೆನ್ನಿಗೆ ಗಂಟು ಕಟ್ಟಿಕೊಂಡು, ಕೈಯಲ್ಲೊಂದು ಕೋಲು ಹಿಡಿದು, ಎಲ್ಲಿಗೋ ಹೊರಟವಳು ನಮ್ಮನ್ನು ಕಂಡು ನಿಂತ ಹಾಗಿದ್ದಳು.

ಅವ್ವ ಕನ್ನಡಕ ಏರಿಸಿ ನೋಡಿದಳು. "ಅಯ್ಯ, ಕೂಸಿಗೆ ಹಾವಸಿ ಹಿಡದೈತಲ್ಲೋ! ಅವರವ್ವ ಎರಿಯಂಗಿಲ್ಲೇನು?"

ಅದು ಪಾಚಿ ಹಿಡಿದ ಕೂಸಲ್ಲ, ಮಣ್ಣಿನ ಹುಡುಗಿ ಎಂದು ತಿಳಿಸುವಷ್ಟರಲ್ಲಿ ಚಹಾ ಆರಿ ಹೋಯಿತು. ತಿಳಿದ ಮೇಲೂ ಅವ್ವನಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಮಣ್ಣಿನ ಕೂಸಾದರೂ ಕೂಸೇ ಅಲ್ವಾ.

ಇಂಥ ಮಕ್ಕಳನ್ನು ಮಾಡುವವರು ಕಿಮ್ ಸಿಮೊನ್ಸನ್ ಎಂಬ ಶಿಲ್ಪಿ. 1974ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದವರು. ಕೆಲಸ ಮಾಡುವುದು ಫಿಸ್ಕಾರ್ಸ್ ಎಂಬ ಹಳ್ಳಿಯಲ್ಲಿ. ಈ ಹೆಸರು ಎಲ್ಲೋ ಕೇಳಿದ ಹಾಗಿದೆ ಅನಿಸಿದರೆ ಕಿತ್ತಳೆ ಹಿಡಿಕೆಯ ಕತ್ತರಿ ನೆನಪಿಸಿಕೊಳ್ಳಿ. 1649ರಿಂದ ಕಬ್ಬಿಣ ಕಾಯಿಸಿದ ಊರು ಅದು. ಆ ಊರಿನ ಹೆಸರೇ ಕಂಪನಿಗೆ ಬಂತು, 1967ರಲ್ಲಿ ಆ ಕಂಪನಿ ಕಿತ್ತಳೆ ಕತ್ತರಿ ತಂದಿತು. ಈಗ ಆ ಹಳೇ ಕಟ್ಟಡಗಳಲ್ಲಿ ಕಲಾವಿದರು, ಬಡಿಗರು, ಮಣ್ಣಿನ ಕೆಲಸದವರು ಸೇರಿಕೊಂಡಿದ್ದಾರೆ. ಸುತ್ತ ಕಾಡು. ಇಡೀ ಫಿನ್ಲೆಂಡಿನ ನೆಲದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಕಾಡೇ ಇದೆಯಂತೆ. ಅಷ್ಟು ಕಾಡಿದ್ದ ಮೇಲೆ ಅದರೊಳಗೆ ಯಾರಾದರೂ ಇರಲೇಬೇಕು. ಸಿಮೊನ್ಸನ್ ಅಲ್ಲಿ ಮಕ್ಕಳನ್ನು ಇಟ್ಟರು. ದೊಡ್ಡವರಿಲ್ಲ. ಮಕ್ಕಳೇ ಗರಿ ಸಿಕ್ಕಿಸಿಕೊಂಡು, ಹೊರೆ ಹೊತ್ತುಕೊಂಡು, ತಮ್ಮ ಪಾಡಿಗೆ ತಾವು ಬದುಕುತ್ತಾರೆ. ಈ ಮಕ್ಕಳಿಗೆ ಸಿಮೊನ್ಸನ್ ಇಟ್ಟ ಹೆಸರನ್ನು ನಮ್ಮ ಕಡೆಯ ಮಾತಲ್ಲಿ ಹೇಳಿದರೆ ಹಾವಸೆ ಮಂದಿ.

ಆ ಹಸಿರು ಮಾತ್ರ ಹಾವಸೆಯಲ್ಲ, ನೈಲಾನ್. ಇದು ತಿಳಿದಾಗ ನನಗೆ ಸ್ವಲ್ಪ ಮೋಸ ಹೋದ ಹಾಗಾಯಿತು. ಆಮೇಲೆ ಅದು ಹೇಗೆ ಮಾಡುತ್ತಾರೆ ಎಂದು ಓದಿದೆ, ಮೋಸದ ಮೇಲೇ ಪ್ರೀತಿ ಹುಟ್ಟಿತು. ಮೊದಲು ಮಣ್ಣಿನ ಮಗುವನ್ನು ಸುಡಬೇಕು. ಮೇಲೆ ಕಪ್ಪು ಹಚ್ಚಬೇಕು. ಅದರ ಮೇಲೆ ಹಳದಿ ನೈಲಾನಿನ ಸಣ್ಣ ಸಣ್ಣ ಎಳೆಗಳನ್ನು ವಿದ್ಯುತ್ತಿನ ಸೆಳೆತದಿಂದ ಹಾರಿಸಬೇಕು. ಬಾಚಣಿಕೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎಬ್ಬಿಸುತ್ತಿದ್ದೆವಲ್ಲ, ಅದೇ ಸೆಳೆತ, ಜೋರು ಜಾಸ್ತಿ. ಎಳೆಗಳು ಅಂಟಿನ ಮೇಲೆ ಮಲಗುವುದಿಲ್ಲ, ಸೆಟೆದು ನಿಲ್ಲುತ್ತವೆ. ಕೆಳಗಿನ ಕಪ್ಪು, ಮೇಲಿನ ಹಳದಿ, ಎರಡೂ ಸೇರಿ ನಮ್ಮ ಕಣ್ಣಿಗೆ ಹಸಿರು. ಅಂದರೆ ಹಸಿರು ಅಲ್ಲಿ ಇಲ್ಲವೇ ಇಲ್ಲ.

ಈ ಕೆಲಸ ನಮಗೆ ಹೊಸತೇನಲ್ಲ. ಬಂಗಾರದ ಅಂಗಡಿಯಲ್ಲಿ ಉಂಗುರ ಇಟ್ಟು ಕೊಡುವ ಪುಟ್ಟ ಡಬ್ಬಿಯ ಒಳಗೆ ಬೆರಳಾಡಿಸಿ ನೋಡಿ. ಮಖಮಲ್ಲಿನ ಹಾಗೆ ಮೆತ್ತಗಿರುತ್ತದೆ. ಎಷ್ಟೋ ಡಬ್ಬಿಗಳಲ್ಲಿ ಅದು ಬಟ್ಟೆಯಲ್ಲ, ಪ್ಲಾಸ್ಟಿಕ್ಕಿನ ಮೇಲೆ ಹೀಗೆ ನಿಲ್ಲಿಸಿದ ಎಳೆ. ನನ್ನ ಹೆಂಡತಿಯ ಹತ್ತಿರ ಅಂಥ ಐದು ಡಬ್ಬಿಗಳಿವೆ. ಉಂಗುರ ಒಂದೇ. ಉಳಿದ ನಾಲ್ಕರಲ್ಲಿ ಗುಂಡಿ, ಸೂಜಿ, ಸೇಫ್ಟಿ ಪಿನ್ನು, ಮಗಳ ಮೊದಲು ಬಿದ್ದ ಹಲ್ಲು.

ನೈಲಾನಿನ ವಿಷಯ ಅವ್ವನಿಗೆ ಹೇಳಿದಾಗ ಅವಳು ಹಿತ್ತಲ ಗೋಡೆ ತೋರಿಸಿ ನಕ್ಕಳು. "ರೊಕ್ಕಾ ಕೊಟ್ಟು ಹಾವಸಿ ಹಚ್ಚತಾರ? ನಮ್ಮ ಮನಿಗೆ ಬಾ ಅನ್ನು." ಧಾರವಾಡದ ಮಳೆ ಗೊತ್ತಿದ್ದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ನವಲೂರು ದಾಟಿದರೆ ಬಿಸಿಲಿರುತ್ತದೆ, ಹುಬ್ಬಳ್ಳಿಯಲ್ಲಿ ಮಂದಿ ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ. ಇಲ್ಲಿ ಜಿಟಿಜಿಟಿ ಹಿಡಿದರೆ ವಾರಗಟ್ಟಲೆ. ಕಂಪೌಂಡ್ ಗೋಡೆ, ಹಂಚು, ತುಳಸಿ ಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಒಂದು ವರ್ಷ ನನ್ನ ಸ್ಕೂಟರಿನ ಸೀಟು, ಎಲ್ಲದಕ್ಕೂ ಹಾವಸೆ ಬಂದಿದೆ.

ಆದರೆ ಫೋಟೋ ನೋಡಿದಷ್ಟೂ ನನ್ನನ್ನು ಹಿಡಿದದ್ದು ಹಸಿರಲ್ಲ, ಆ ಹುಡುಗಿಯ ಬಾಯಿ. ಮುಚ್ಚಿದ ಬಾಯಿ. ನಗುವೂ ಇಲ್ಲ, ಸಿಟ್ಟೂ ಇಲ್ಲ. ಕಣ್ಣಾಮುಚ್ಚಾಲೆಯಲ್ಲಿ ಬಲು ಚಲೋ ಜಾಗದಲ್ಲಿ ಅಡಗಿಕೊಂಡ ಮಕ್ಕಳ ಬಾಯಿ ಹಾಗಿರುತ್ತದೆ. ಯಾರೂ ಹುಡುಕಲಿಕ್ಕೆ ಬಂದಿಲ್ಲ, ಆಟ ಮುಗಿದು ಎಲ್ಲರೂ ಮನೆಗೆ ಹೋಗಿದ್ದಾರೆ, ಇವಳಿಗೆ ಮಾತ್ರ ತಿಳಿದಿಲ್ಲ. ಅಥವಾ ತಿಳಿದೂ ಹೊರಗೆ ಬಂದಿಲ್ಲ.

ನಮ್ಮ ಕಡೆಯ ಮಣ್ಣಿನ ಮಕ್ಕಳು ಹೀಗಲ್ಲ. ಮಳೆಗಾಲ ಹಿಡಿಯಿತೆಂದರೆ ನಮಗೆ ಮಣ್ಣಿನದೇ ಹಬ್ಬ. ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದ ಚೌತಿಗೆ ಗಣಪ್ಪ, ಅವನ ಬೆನ್ನಿಗೇ ಅಷ್ಟಮಿಗೆ ಜೋಕುಮಾರ. ಐದೂ ಹಸಿ ಮಣ್ಣು. ಯಾವುದನ್ನೂ ಸುಡುವುದಿಲ್ಲ. ಬಂದ ಕೆಲಸ ಮುಗಿಸಿ ನೀರಿಗೋ ಹೊಲಕ್ಕೋ ಹೋಗಿ ಕರಗಬೇಕು.

ಈ ಐವರಲ್ಲಿ ನನಗೆ ಜೋಕುಮಾರನ ಮೇಲೆ ಮೊದಲಿಂದಲೂ ಒಂದು ಕೈ ಜಾಸ್ತಿ ಅಕ್ಕರೆ. ಗಣಪ್ಪನಿಗೆ ಮಂಟಪ, ಲೈಟು, ಡಿಜೆ. ಇವನಿಗೆ ಒಂದು ಬುಟ್ಟಿ, ಮೈತುಂಬ ಬೇವಿನ ಸೊಪ್ಪು. ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಹಾಡುತ್ತಾ ಮನೆಮನೆಗೆ ಬರುತ್ತಾರೆ. ಮುಖ ಮೈಗಿಂತ ದೊಡ್ಡದು, ಬಾಯಿ ಮುಖಕ್ಕಿಂತ ದೊಡ್ಡದೇನೋ ಅನ್ನಬೇಕು, ಹಾಗೆ ತೆರೆದಿರುತ್ತದೆ. ಆ ಬಾಯಿಗೆ ಬೆಣ್ಣೆ ಹಚ್ಚಬೇಕು. ಮೊರದಲ್ಲಿ ಜೋಳ ಕೊಡಬೇಕು. ಸೊಂಟದ ಕೆಳಗಿನ ಅವನ ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ, ಇಲ್ಲಿ ಬೇಡ. ಹುಟ್ಟಿ ಏಳೇ ದಿನದಲ್ಲಿ ಬೆಳೆದು, ಪುಂಡಾಟ ಮಾಡಿ, ಹುಣ್ಣಿಮೆಗೆ ಸತ್ತೂ ಹೋಗುತ್ತಾನೆ. ಗಣಪ್ಪ ಮೇಲೆ ಹೋಗಿ, ಕೆಳಗೆ ಮಂದಿ ಕಡುಬು ತಿಂದು ಆರಾಮ ಇದ್ದಾರೆ ಎಂದು ಶಿವನಿಗೆ ಹೇಳುತ್ತಾನಂತೆ. ಮಳೆಯಿಲ್ಲ, ಬೆಳೆಯಿಲ್ಲ, ಜನ ಹಸಿದಿದ್ದಾರೆ ಎಂಬ ನಿಜ ವರದಿ ಒಪ್ಪಿಸುವವನು ಜೋಕುಮಾರ. ಅಷ್ಟು ದೊಡ್ಡ ಬಾಯಿ ಅದಕ್ಕೇ ಬೇಕಾಗಿರಬೇಕು.

ಒಬ್ಬನ ಮೈಗೆ ಬೇವಿನ ಹಸಿರು, ಒಬ್ಬಳ ಮೈಗೆ ನೈಲಾನಿನ ಹಸಿರು. ಒಬ್ಬನ ಬಾಯಿ ಮುಚ್ಚುವುದೇ ಇಲ್ಲ, ಒಬ್ಬಳ ಬಾಯಿ ತೆರೆಯುವುದೇ ಇಲ್ಲ. ಇವರಿಬ್ಬರನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿದರೆ ಏನು ಮಾತಾಡಿಯಾರು ಎಂದು ಸುಮ್ನೆ ಯೋಚಿಸುತ್ತಿದ್ದೆ. ಹೆಂಡತಿ ಗ್ಯಾಸ್ ಬುಕ್ ಮಾಡಿದಿರಾ ಎಂದು ಕೇಳಿದಳು. ಮಾಡಿರಲಿಲ್ಲ.

ಮಗಳು ಮೂರನೇ ಇಯತ್ತೆ. ಫೋಟೋ ನೋಡಿದಂದಿನಿಂದ ತನಗೂ ಅಂಥವಳು ಬೇಕು ಎಂದು ಗಂಟು ಬಿದ್ದಳು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ತರಲು ಹೋದಾಗ ಕುಂಬಾರರ ಹತ್ತಿರ ಒಂದು ಮುದ್ದೆ ಹಸಿ ಮಣ್ಣೂ ಕೇಳಿ ತಂದೆವು. ಮಗಳು ಅಡಿಗೆಮನೆಯ ನೆಲದ ಮೇಲೆ ಪೇಪರ್ ಹಾಸಿ ಕೂತಳು. ತಲೆಗೆ ಒಂದು ಉಂಡೆ, ಮೈಗೆ ಒಂದು ಉಂಡೆ, ಕೈಕಾಲಿಗೆ ಹೊಸೆದ ಬತ್ತಿ. ನನಗೆ ಬಲು ಚೆಂದ ಕಂಡಿತು. ಒಯ್ದು ತೋರಿಸಿದರೆ ಕುಂಬಾರ ಅಜ್ಜ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ.

"ಗಟ್ಟಿ ಐತ್ರೀ ಇದು. ಒಳಗ ಪೊಳ್ಳ ಇರಬೇಕು. ಹಿಂಗ ಆವಿಗಿಗೆ ಇಟ್ಟರ ಢಂ ಅಂತೈತಿ. ಬಾಜೂ ಇದ್ದ ನನ್ನ ಗಡಿಗಿನೂ ಒಯ್ತೈತಿ."

ದಪ್ಪ ಮಣ್ಣಿನ ಹೊಟ್ಟೆಯಲ್ಲಿ ತೇವ ಉಳಿದಿರುತ್ತದೆ. ಆವಿಗೆಯ, ಅಂದರೆ ಕುಂಬಾರರ ಭಟ್ಟಿಯ, ಬೆಂಕಿಗೆ ಅದು ಉಗಿಯಾಗುತ್ತದೆ, ಹೊರಗೆ ಬರಲು ದಾರಿ ಸಿಗದಿದ್ದರೆ ಒಡೆದುಕೊಂಡು ಬರುತ್ತದೆ. ಫಿಸ್ಕಾರ್ಸಿನ ಆಳೆತ್ತರದ ಮಕ್ಕಳ ಹೊಟ್ಟೆಯೂ ಪೊಳ್ಳೇ ಇರಬೇಕು, ಬೇರೆ ದಾರಿಯಿಲ್ಲ. ಅಜ್ಜ ಒಂದು ತಂತಿಯಿಂದ ನಮ್ಮ ಹುಡುಗಿಯನ್ನು ಬೆನ್ನಿನ ಕಡೆ ಸೀಳಿದ, ಚಮಚದಲ್ಲಿ ತಿರುಳು ತೆಗೆದ, ನೀರು ಸವರಿ ಮತ್ತೆ ಮುಚ್ಚಿದ. ತಳದಲ್ಲಿ ಕಡ್ಡಿಯಿಂದ ಒಂದು ತೂತು. ಎರಡು ನಿಮಿಷದ ಕೆಲಸ. ಮಗಳು ಉಸಿರು ಹಿಡಿದು ನೋಡುತ್ತಿದ್ದಳು. ಎಲ್ಲಾ ಮುಗಿದ ಮೇಲೆ ಅಜ್ಜನೇ ಕೇಳಿದ, "ಬಾಯೇ ಇಲ್ಲಲ್ಲವಾ ತಂಗಿ ಇದಕ?" ಆಗಲೇ ನಮಗೂ ಗೊತ್ತಾದದ್ದು. ಮಗಳು ಅವಸರದಲ್ಲಿ ಬೆಂಕಿಕಡ್ಡಿಯಿಂದ ಒಂದು ಗೆರೆ ಎಳೆದಳು. ಗೆರೆ ಸ್ವಲ್ಪ ಸೊಟ್ಟ ಬಂತು.

ಮಳೆಗಾಲದಲ್ಲಿ ಮಣ್ಣು ಆರುವುದೆಂದರೆ ಸರಕಾರಿ ಫೈಲು ಮುಂದೆ ಹೋದ ಹಾಗೆ. ಹದಿನೈದು ದಿನ ಗ್ಯಾಸಿನ ಒಲೆಯ ಪಕ್ಕ ಕೂತಿದ್ದಳು. ಒಣಗುತ್ತಾ ಒಣಗುತ್ತಾ ತುಸು ಸಣ್ಣವಳಾದಳು, ಮಣ್ಣಿನ ಗುಣ ಅದು. ಜುಲೈ ನಡುವೆ ಎರಡು ದಿನ ಹೊಳವಾದಾಗ ಅಜ್ಜ ಆವಿಗೆ ಹಚ್ಚಿದ. ತರಲು ಹೋದರೆ ಕೆಂಪಗೆ, ಒಂದು ಕಡೆ ಹೊಗೆಗೆ ಕಪ್ಪಗೆ, ಎಡಗೈ ಇಲ್ಲದೆ ಸಿಕ್ಕಳು. ಮಗಳು ಅಳುತ್ತಾಳೆ ಅಂದುಕೊಂಡೆ. ಅವಳು, "ಕಾಡಿನ್ಯಾಗ ಕರಡಿ ತಿಂದಿರಬೇಕು" ಎಂದು ಅಲ್ಲೇ ಲೆಕ್ಕ ಮುಗಿಸಿದಳು.

ನೈಲಾನ್ ಹಾರಿಸುವ ಯಂತ್ರ ನಮ್ಮಲ್ಲಿಲ್ಲ. ಹಿತ್ತಲ ಗೋಡೆಯ ಹಾವಸೆ ಕೆರೆದು ಫೆವಿಕಾಲ್ ಹಾಕಿ ಹಚ್ಚಿದೆವು. ಎರಡು ದಿನಕ್ಕೆ ಅದು ಒಣಗಿ, ಹಳೇ ಚಹಾಪುಡಿಯ ಹಾಗೆ ಉದುರಿತು. ಮಗಳಿಗೆ ಬೇಸರ ಬಂತು. ಹುಡುಗಿಯನ್ನು ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಗೋಡೆಯ ಮೂಲೆಗೆ ಇಟ್ಟು ಮರೆತಳು. ನಾನೂ ಮರೆತೆ.

ಮರೆಯದೇ ಇದ್ದದ್ದು ಮಳೆ. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಕಲ್ಲಿನ ಹಿಂದೆ ಬಿದ್ದ ಸೋಪು ಹುಡುಕಲು ಬಗ್ಗಿದರೆ ಅವಳು ಅಲ್ಲೇ ನಿಂತಿದ್ದಳು. ಹೆಗಲ ತನಕ ಹಸಿರು. ನಿಜವಾದದ್ದು, ಮುಟ್ಟಿದರೆ ತಣ್ಣಗೆ, ಬೆರಳಿಗೆ ನೀರು. ತಲೆಯ ಮೇಲೆ ಒಂದು ಕಡೆ ಕೂದಲು ಮೊಳೆತ ಹಾಗೆ ಸಣ್ಣ ಸಣ್ಣ ಕಡ್ಡಿ ಎದ್ದಿದ್ದವು. ಕುಂಬಾರರ ಆವಿಗೆಯಲ್ಲಿ ಮಣ್ಣು 1000 ಡಿಗ್ರಿಯ ಒಳಗೇ ಬೇಯುವುದು ಹೆಚ್ಚು. ಅದಕ್ಕೇ ಅದರಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ, ಗಡಿಗೆ ಬೆವರುತ್ತದೆ, ನೀರು ತಂಪಾಗುತ್ತದೆ. ನಮ್ಮ ಹುಡುಗಿ ಎರಡು ತಿಂಗಳು ನಿಂತಲ್ಲೇ ನೀರು ಕುಡಿದಿದ್ದಳು. 1200 ಡಿಗ್ರಿ ದಾಟಿ ಬೆಂದ, ಸ್ಟೋನ್‌ವೇರ್ ಎಂಬ ಮಣ್ಣಿನ ಸಾಮಾನು ಹಾಗಲ್ಲ. ಅದು ಕಲ್ಲಿನಂತಾಗಿ, ನೀರು ಹೀರುವುದನ್ನೇ ಹೆಚ್ಚುಕಡಿಮೆ ಬಿಟ್ಟಿರುತ್ತದೆ. ಅದರ ಮೇಲೆ ಹಾವಸೆ ಬೇರು ಬಿಡುವುದು ಕಷ್ಟ. ಫಿಸ್ಕಾರ್ಸಿನ ಮಕ್ಕಳೂ ಹಾಗೆ ಬೆಂದವರಾದರೆ ಅವರಿಗೆ ನೈಲಾನೇ ಗತಿ. ನೈಲಾನಿನ ಬಗ್ಗೆ ನನಗಿದ್ದ ಕೊನೆಯ ತಕರಾರೂ ಅಲ್ಲಿಗೆ ಹೋಯಿತು.

ಅದೇ ವಾರ ಜೋಕುಮಾರ ಬಂದ. ನಮ್ಮ ಓಣಿಗೆ ಬರುವ ಇಬ್ಬರು ಹೆಣ್ಣುಮಕ್ಕಳಲ್ಲಿ ಈ ಸಲ ಒಬ್ಬಳೇ ಬಂದಿದ್ದಳು. ಇನ್ನೊಬ್ಬಳಿಗೆ ಮೊಣಕಾಲು ನೋವಂತೆ. ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ ಹಾಡಿದಳು. ಹಾಡುವಾಗ ನಡುವೆ ಮೊಬೈಲ್ ಬಡಿದುಕೊಂಡಿತು. ಒಂದು ಕೈಯಿಂದ ಅದನ್ನು ಸುಮ್ಮನಿರಿಸಿ ಹಾಡು ಬಿಡದೆ ಮುಗಿಸಿದಳು. ಅವ್ವ ಮೊರದಲ್ಲಿ ಜೋಳ ತಂದಳು, ಬಟ್ಟಲಲ್ಲಿ ಬೆಣ್ಣೆ ತಂದಳು. ಜೋಕುಮಾರನ ಬಾಯಿಗೆ ಆಗಲೇ ಓಣಿಯ ಎಲ್ಲ ಮನೆಗಳ ಬೆಣ್ಣೆ ಮೆತ್ತಿತ್ತು. ಅವ್ವ ತನ್ನದನ್ನೂ ಹಚ್ಚಿದಳು. ಬೇವಿನ ಸೊಪ್ಪು ಇಸಕೊಂಡು ಒಳಗೆ ಬಂದಳು.

ಬೆರಳಿಗೆ ಉಳಿದ ಬೆಣ್ಣೆಯನ್ನು ಅವ್ವ ಯಾವಾಗಲೂ ತನ್ನ ಮೊಣಕೈಗೆ ಒರೆಸಿಕೊಳ್ಳುತ್ತಾಳೆ. ಅವತ್ತು ಹಿತ್ತಲಿಗೆ ಹೋದಳು. ಸೊಂಟ ಹಿಡಿದುಕೊಂಡು ಬಗ್ಗಿ, ಕಲ್ಲಿನ ಹಿಂದಿನ ಹುಡುಗಿಯ ಮುಖದ ಮೇಲೆ ಆ ಸೊಟ್ಟ ಗೆರೆ ಎಲ್ಲಿದೆ ಎಂದು ತಡಕಿದಳು.

"ಅವನ ನೋಡಿದರ ಬಾಯಿ ಮುಚ್ಚವಲ್ಲ, ನೀ ನೋಡಿದರ ಬಾಯಿ ತಗೀವಲ್ಲಿ" ಎಂದು ಗೊಣಗುತ್ತಾ ಗೆರೆಯ ಉದ್ದಕ್ಕೂ ಬೆಣ್ಣೆ ಸವರಿದಳು.

ಸಂಜೆ ಬಟ್ಟೆ ತೆಗೆಯಲು ಹೋದಾಗ ನೋಡಿದೆ. ಗೆರೆಯಲ್ಲಿ ಇರುವೆಗಳು ಸಾಲುಗಟ್ಟಿದ್ದವು.