ಆ ಹಳದಿ ದೀಪ ಎಷ್ಟು ಸಲ ಮಿಣುಕಿತು?

ಹೋದ ಭಾನುವಾರ ಅಕ್ಕನ ಮಗ ಫೋನ್ ಮಾಡಿದ. "ಮಾಮ, ಗಾಡಿ ಮನೆಗೆ ಬಂತು" ಅಂದ. ಆರು ಸಿಲಿಂಡರ್ ಟರ್ಬೊ. 370 ಹಾರ್ಸ್‌ಪವರ್‌ಗೂ ಮೇಲೆ. ನಿಂತಲ್ಲಿಂದ ನೂರು ಮುಟ್ಟಲು ನಾಲ್ಕೂವರೆ ಸೆಕೆಂಡ್. ಹುಡುಗನಿಗೆ 31 ವರ್ಷ. ಇಷ್ಟು ದಿನ ಓಡಿಸಿದ್ದು ಅವರಪ್ಪನ ಹಳೇ ಸ್ವಿಫ್ಟ್. ಕಂಪನಿಯ ಷೇರು ಮಾರಿ, ಕಡಿಮೆ ಬಿದ್ದಿದ್ದಕ್ಕೆ ಸಾಲ ಮಾಡಿ, ಸ್ಕೂಲಿನ ದಿನಗಳಿಂದ ಗೋಡೆಗೆ ಅಂಟಿಸಿಕೊಂಡಿದ್ದ ಆಸೆಯನ್ನು ಕೊಂಡುಕೊಂಡಿದ್ದಾನೆ. ನನಗೂ ಅವನಷ್ಟೇ ಖುಷಿಯಾಯಿತು.

ಫೋನ್ ಇಡುವ ಮುಂಚೆ ಒಂದು ಮಾತು ಕೇಳಿದ. "ಮಾಮ, ಈ ಗಾಡಿ ಎಷ್ಟು ಸ್ಪೀಡ್ ತನಕ ಸೇಫ್?"

ಅದಕ್ಕೆ ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಅವನಂತೆ ಹೊಸದಾಗಿ ದೊಡ್ಡ ಗಾಡಿ ತಗೊಂಡ ಹುಡುಗರು ನನ್ನ ಪರಿಚಯದಲ್ಲೇ ನಾಲ್ಕೈದು ಜನ ಇದ್ದಾರೆ. ಅವರೂ ಓದಲಿ.

ಪುಟ್ಟ, ಗಾಡಿ 250ರಲ್ಲೂ ಸೇಫೇ. ಅದನ್ನು ಮಾಡಿದವರು ಜರ್ಮನಿಯ ಆಟೋಬಾನ್ ಹೆದ್ದಾರಿಯಲ್ಲಿ ಓಡಿಸಿ ನೋಡಿಯೇ ಮಾರುವುದು. ನೀನು ಎಷ್ಟು ತನಕ ಸೇಫ್ ಅನ್ನೋದು ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಕಷ್ಟ ಇರುವುದು ಎಲ್ಲಿ ಅಂದ್ರೆ, ಇಂಥ ಗಾಡಿ ಅದನ್ನು ನಿನಗೆ ಹೇಳಿಕೊಡುವುದಿಲ್ಲ. ಮುಚ್ಚಿಡುತ್ತದೆ.

ನಾನು ಕಾರು ಓಡಿಸಲು ಕಲಿತದ್ದು ಸಕಲೇಶಪುರದ ಕಡೆ, ಚಿಕ್ಕಪ್ಪನ ಮಾರುತಿ ಜಿಪ್ಸಿಯಲ್ಲಿ. ಭತ್ತ ಕೊಯ್ದು ಮುಗಿದ ಮೇಲೆ ಗದ್ದೆ ಖಾಲಿ ಇರುತ್ತದೆ. ಕೊಡಗು, ಚಿಕ್ಕಮಗಳೂರಿನ ಕಡೆ ಇಂಥ ಗದ್ದೆಗಳಲ್ಲಿ ಆಟೋಕ್ರಾಸ್, ಅಂದ್ರೆ ಮಣ್ಣಿನ ಮೇಲಿನ ಕಾರ್ ರೇಸ್, ನಡೆಯುವುದನ್ನು ನೀವೂ ನೋಡಿರಬಹುದು. ಮಲೆನಾಡಿನಿಂದ ರ‍್ಯಾಲಿಗೆ ಹೋದ ಎಷ್ಟೋ ಜನರ ಕೈ ಪಳಗಿದ್ದು ಮಣ್ಣಿನಲ್ಲೇ. ಜಿಪ್ಸಿಯಲ್ಲಿ ಹಿಂದಿನ ಚಕ್ರಕ್ಕೆ ಶಕ್ತಿ. ಮಣ್ಣು ಸ್ವಲ್ಪ ತೇವ ಇದ್ದರೆ ಸಾಕು, 30ರ ಸ್ಪೀಡಿನಲ್ಲೇ ಬಾಲ ಜಾರುತ್ತಿತ್ತು. ಚಿಕ್ಕಪ್ಪ ಪಕ್ಕದಲ್ಲಿ ಕೂತು ಕೂಗುತ್ತಿದ್ದರು. "ಬಾಲ ಎತ್ಲಾಗೆ ಹೋಯ್ತೋ ಅತ್ಲಾಗೇ ಸ್ಟೇರಿಂಗ್ ತಿರುಗಿಸೋ! ಬದು ನೋಡ್ಬೇಡ, ಹೋಗ್ಬೇಕಾದ ಕಡೆ ನೋಡು!" ನೂರು ಸಲ ತಪ್ಪಿದೆ. ನೂರು ಸಲವೂ ಗಾಡಿ ಗಿರಕಿ ಹೊಡೆದು ಸುಮ್ನೆ ನಿಂತಿತು. ಒಂದು ದಿನ ಬದುವಿಗೆ ಹತ್ತಿ ಬಂಪರ್ ಸೊಟ್ಟಗಾಯಿತು. ನಷ್ಟ ಅಂತ ಆದದ್ದು ಅಷ್ಟೇ.

ಅಲ್ಲಿ ಗಾಡಿಯ ಮಿತಿ ಬಹಳ ಕೆಳಗಿತ್ತು. ಅದನ್ನು ಮುಟ್ಟಲು ಧೈರ್ಯ ಬೇಕಿರಲಿಲ್ಲ. ದಿನಕ್ಕೆ ಹತ್ತು ಸಲ ಮುಟ್ಟಿ ಬರಬಹುದಿತ್ತು. ಹಳೇ ಮಾರುತಿ 800 ಕೂಡ ಹಾಗೇ. ತಿರುವಿನಲ್ಲಿ 60 ದಾಟಿದರೆ ಟೈರು ಕಿರುಚುತ್ತದೆ, ಗಾಡಿ ವಾಲುತ್ತದೆ, ಹಿಂದೆ ಕೂತ ಅಮ್ಮ ಬಯ್ಯುತ್ತಾರೆ. ಅದೇ ತಿರುವಿನಲ್ಲಿ ಹೊಸ ಸ್ಪೋರ್ಟ್ಸ್ ಕಾರು 100ರಲ್ಲಿ ಹೋದರೂ ಸದ್ದಿಲ್ಲ. ಅಮ್ಮ ನಿದ್ದೆ ಮಾಡುತ್ತಿರುತ್ತಾರೆ. ಅಗಲವಾದ, ಅಂಟುವ ಟೈರು. ಗಟ್ಟಿ ಸಸ್ಪೆನ್ಷನ್. ಅದು ಮೊದಲ ಸಲ "ಇನ್ನು ಆಗಲ್ಲ" ಅನ್ನುವ ಹೊತ್ತಿಗೆ ಸ್ಪೀಡು 130, 140 ಆಗಿರುತ್ತದೆ. ಆ ಸ್ಪೀಡಿನಲ್ಲಿ ಒಂದು ಸೆಕೆಂಡಿಗೆ ಗಾಡಿ ಸುಮಾರು 38 ಮೀಟರ್ ಹೋಗುತ್ತದೆ. ಪಾಠ ಕಲಿಯುವಷ್ಟು ಹೊತ್ತು ಇರುವುದಿಲ್ಲ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಆರು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ಗೆಳೆಯನೊಬ್ಬ ತನ್ನ ಎರಡು ಸೀಟಿನ ಕಾರನ್ನು ಹಾಸನದಿಂದ ಬೆಂಗಳೂರಿಗೆ ನನ್ನ ಕೈಗೆ ಕೊಟ್ಟ. ಇಂಜಿನ್ ಸೀಟಿನ ಹಿಂದೆ, ನಡುವಿನಲ್ಲಿತ್ತು. ಕುಣಿಗಲ್ ದಾಟಿದ್ದೆವು. ಮಳೆ ಆಗಷ್ಟೇ ನಿಂತಿತ್ತು. ಎಡಕ್ಕೆ ಒಂದು ಉದ್ದನೆಯ ತಿರುವು. ಸ್ಪೀಡು 95 ಇದ್ದಿರಬೇಕು. ತಿರುವಿನ ಮಧ್ಯದಲ್ಲಿ ರಸ್ತೆ ಮೇಲೆ ನೀರು ನಿಂತದ್ದು ಕಾಣಿಸಿತು. ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತಟ್ಟನೆ ತೆಗೆದೆ.

ಬಾಲ ಹೊರಗೆ ಹೋಯಿತು. ಗದ್ದೆಯಲ್ಲಿ ಕಲಿತದ್ದು ಕೈಗೆ ಬರುವುದಕ್ಕೆ ಮುಂಚೆಯೇ ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಮಿಣುಕಿತು. ಜಾರುವ ಕಾರಿನ ಚಿತ್ರ ಇರುತ್ತದಲ್ಲ, ಅದು. ಕರ್ ಕರ್ ಅಂತ ಸದ್ದಾಗಿ ಗಾಡಿ ತಾನೇ ನೇರವಾಯಿತು. "ಏನೂ ಆಗ್ಲಿಲ್ಲ ಬಿಡು ಮಗಾ" ಅಂದ ಗೆಳೆಯ. ನಾನು ಮುಂದಿನ ಟೀ ಅಂಗಡಿ ಹತ್ತಿರ ನಿಲ್ಲಿಸಿ ಕೀ ಅವನಿಗೆ ಕೊಟ್ಟೆ. ನನ್ನ ಕೈ ನಡುಗುತ್ತಿತ್ತು. ಗಾಡಿಯನ್ನು ಉಳಿಸಿದ್ದು ನಾನಲ್ಲ ಅಂತ ನನಗೆ ಗೊತ್ತಿತ್ತು.

ಕಾಲು ತೆಗೆದರೆ ಯಾಕೆ ಹೀಗಾಗುತ್ತದೆ? ಸರ್ಕಾರಿ ಬಸ್ಸಿನಲ್ಲಿ ನಿಂತಿರುವಾಗ ಡ್ರೈವರ್ ಸ್ಪೀಡು ಕಡಿಮೆ ಮಾಡಿದರೆ ಎಲ್ಲರೂ ಮುಂದಕ್ಕೆ ವಾಲುತ್ತಾರಲ್ಲ, ಕಾರಿನ ಭಾರವೂ ಹಾಗೇ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಗುರವಾಗುತ್ತದೆ. ತಿರುವಿನಲ್ಲಿ ಹಗುರವಾದ ಹಿಂಚಕ್ರ ಜಾರುತ್ತದೆ. ಮುಂದೆ ಇಂಜಿನ್ ಇರುವ, ಮುಂದಿನ ಚಕ್ರವೇ ಎಳೆಯುವ ಸ್ವಿಫ್ಟಿನಂಥ ಗಾಡಿ ಇದನ್ನು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಹಿಂದೆ ಅಥವಾ ನಡುವೆ ಇಂಜಿನ್ ಇರುವುದು ಅಷ್ಟು ಸಹಿಸುವುದಿಲ್ಲ. ಅದರಲ್ಲೂ ನಡುವೆ ಇಂಜಿನ್ ಇದ್ದರೆ ಗಾಡಿ ಬೇಗ ತಿರುಗುತ್ತದೆ. ಹೆಗಲ ಮೇಲೆ ಉದ್ದ ಕೋಲಿಟ್ಟು ಎರಡೂ ತುದಿಗೆ ನೀರಿನ ಕೊಡ ಕಟ್ಟಿಕೊಂಡು ತಿರುಗಿ ನೋಡಿ. ನಿಧಾನ. ಅದೇ ಎರಡು ಕೊಡವನ್ನು ಎದೆಗೆ ಅವಚಿಕೊಂಡರೆ ಥಟ್ಟನೆ ತಿರುಗಬಹುದು. ತಿರುವು ಹಾಕುವಾಗ ಸುಖ ಕೊಡುವ ಗುಣ ಅದೇ, ಜಾರುವಾಗ ನಮಗೆ ಸಮಯ ಕೊಡದ ಗುಣವೂ ಅದೇ. ಹತ್ತು ವರ್ಷ ಸ್ವಿಫ್ಟ್ ಓಡಿಸಿ ಕಾಲಿಗೆ ಆದ ಅಭ್ಯಾಸ ಇಲ್ಲಿ ತಿರುಗಿಬೀಳುತ್ತದೆ.

ಇನ್ನೊಂದು ವಿಷಯ. ಟೈರಿನ ಹಿಡಿತ ಒಂದು ಚೊಂಬು ನೀರಿದ್ದ ಹಾಗೆ. ಬ್ರೇಕಿಗೆ ಅರ್ಧ ಸುರಿದರೆ ತಿರುಗುವುದಕ್ಕೆ ಉಳಿಯುವುದು ಕಡಿಮೆ. ಅದಕ್ಕೇ ತಿಳಿದವರು ತಿರುವಿಗೆ ಮುಂಚೆ, ಗಾಡಿ ನೇರ ಇರುವಾಗಲೇ ಜೋರಾಗಿ ಬ್ರೇಕ್ ಹಾಕಿ ಮುಗಿಸುತ್ತಾರೆ. ಒಳಗೆ ಹೋದ ಮೇಲೆ "ಅಯ್ಯೋ ಜಾಸ್ತಿ ಆಯ್ತು" ಅಂತ ಬ್ರೇಕ್ ಒತ್ತುವುದು ನಮ್ಮಂಥವರು. ರಸ್ತೆ ಒದ್ದೆಯಾಗಿದ್ದರೆ ಆ ಚೊಂಬೇ ಚಿಕ್ಕದಾಗುತ್ತದೆ.

ಆ ಹಳದಿ ದೀಪದ ಬಗ್ಗೆ ಹೇಳುತ್ತಿದ್ದೆ. ಅದು ಇಎಸ್‌ಸಿ, ಅಂದ್ರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್. 1995ರಲ್ಲಿ ಮರ್ಸಿಡಿಸ್ ಮತ್ತು ಬಾಷ್ ಸೇರಿ ದೊಡ್ಡ ಕಾರಿಗೆ ಇದನ್ನು ತಂದವು. ಸ್ಟೇರಿಂಗ್ ಎಷ್ಟು ತಿರುಗಿದೆ, ಗಾಡಿ ನಿಜವಾಗಿ ಎಷ್ಟು ತಿರುಗುತ್ತಿದೆ ಅಂತ ಸೆನ್ಸರ್‌ಗಳು ನೋಡುತ್ತಿರುತ್ತವೆ. ಎರಡೂ ತಾಳೆ ಆಗದಿದ್ದರೆ ಯಾವುದೋ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಗಾಡಿಯನ್ನು ದಾರಿಗೆ ತರುತ್ತದೆ. ಎಷ್ಟೋ ಜೀವ ಉಳಿಸಿದ ಯಂತ್ರ ಅದು. ನನ್ನದೂ ಉಳಿಸಿತು. ಆದರೆ ಅದು ಮಿಣುಕಿದ ಪ್ರತಿ ಸಲವೂ ನಮ್ಮಿಂದ ಆಗದ್ದನ್ನು ಅದು ಮಾಡಿದೆ ಅಂತ ಅರ್ಥ. ಟೈರಿನಲ್ಲಿ ಹಿಡಿತವೇ ಇಲ್ಲದಿದ್ದರೆ ಅದೂ ಏನೂ ಮಾಡಲಾರದು. ನನ್ನ ಅಳಿಯನಿಗೆ ಗಾಡಿ ಕೊಡುವ ದಿನ ಬ್ಲೂಟೂತ್ ಜೋಡಿಸುವುದನ್ನು, ಸೀಟಿನ ಮಸಾಜನ್ನು ಅರ್ಧ ಗಂಟೆ ವಿವರಿಸಿದರಂತೆ. ಇಎಸ್‌ಸಿ ಆಫ್ ಮಾಡುವ ಬಟನ್ ಬಗ್ಗೆ ಒಂದು ಮಾತಿಲ್ಲ. ನನಗೆ ಇದು ನಿಜವಾಗಿ ಸಿಟ್ಟು ತರಿಸುತ್ತದೆ. ಆರ್‌ಟಿಒದಲ್ಲಿ ರಿವರ್ಸ್ ತೆಗೆದು ತೋರಿಸಿದ ಅದೇ ಲೈಸೆನ್ಸಿನಲ್ಲಿ ಆಲ್ಟೊನೂ ಓಡಿಸಬಹುದು, 700 ಹಾರ್ಸ್‌ಪವರ್‌ನ ಗಾಡಿಯನ್ನೂ ಓಡಿಸಬಹುದು.

ಇಎಸ್‌ಸಿ ಇಲ್ಲದ ಗಾಡಿಗಳೂ ಇದ್ದವು. ಪೋರ್ಶೆ ಕರೇರಾ ಜಿಟಿ ಅಂಥದ್ದು. 5.7 ಲೀಟರ್ ವಿ10 ಇಂಜಿನ್, 600ಕ್ಕೂ ಹೆಚ್ಚು ಹಾರ್ಸ್‌ಪವರ್, ಇಂಜಿನ್ ನಡುವಿನಲ್ಲಿ. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ ಅಂಥದ್ದೇ ಕಾರಿನಲ್ಲಿ ನಟ ಪಾಲ್ ವಾಕರ್ ತೀರಿಕೊಂಡರು. ಓಡಿಸುತ್ತಿದ್ದವರು ಅವರ ಗೆಳೆಯ ರೋಜರ್ ರೋಡಾಸ್. ಅವರೂ ಉಳಿಯಲಿಲ್ಲ. ರೋಡಾಸ್ ಹೊಸಬರಲ್ಲ, ರೇಸ್ ಟ್ರ್ಯಾಕಿನಲ್ಲಿ ಓಡಿಸಿ ಅನುಭವ ಇದ್ದವರು. ತನಿಖೆಯಲ್ಲಿ ತಿಳಿದದ್ದು, ಗಂಟೆಗೆ 72 ಕಿ.ಮೀ. ಮಿತಿ ಇದ್ದ ರಸ್ತೆಯಲ್ಲಿ ಸ್ಪೀಡು ಸುಮಾರು 130ರಿಂದ 150 ಇತ್ತು. ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು. ಕಡಿಮೆ ಓಡಿದ ಗಾಡಿಯ ಟೈರು ನೋಡಲು ಹೊಸದರಂತೆ ಇರುತ್ತದೆ, ಆದರೆ ರಬ್ಬರು ಗಟ್ಟಿಯಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುವವರು ಮೊದಲು ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು ಅಂತ.

ಆ ಘಟನೆಯನ್ನು ನೆನೆದಾಗಲೆಲ್ಲ ನನಗೆ ಕಾಡುವುದು ಒಂದೇ. ಅಷ್ಟು ಅನುಭವ ಇದ್ದವರ ಕೈಯಲ್ಲೇ ಹೀಗಾಯಿತು. ನಮ್ಮ ಅನುಭವ ಏನು? ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿದ್ದು.

ಕುಣಿಗಲ್ ಘಟನೆ ಆಗಿ ಮೂರು ತಿಂಗಳಿಗೆ ಗೆಳೆಯನನ್ನು ಎಳೆದುಕೊಂಡು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೋದೆ. 3.7 ಕಿ.ಮೀ. ಉದ್ದ, 1990ರಿಂದ ಇದೆ. ಬೆಂಗಳೂರಿನವರು ಅಲ್ಲಿಗೆ, ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತಾರೆ. ಪಕ್ಕದಲ್ಲಿ ಕೂತ ತರಬೇತುದಾರರು ಮೊದಲು ಮಾಡಿಸಿದ್ದು ಏನು ಗೊತ್ತಾ? ಬ್ರೇಕ್. ನೂರರಲ್ಲಿ ಹೋಗಿ, ಪೂರ್ತಿ ಒತ್ತಿ ನಿಲ್ಲಿಸಿ ಅಂದರು. ಒತ್ತಿದೆ. "ಇದು ಅರ್ಧ" ಅಂದರು. ಮತ್ತೆ ಒತ್ತಿದೆ. ನಾಲ್ಕನೇ ಸಲಕ್ಕೆ ಎಬಿಎಸ್ (ಜೋರು ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಾಲಡಿ ದಡದಡ ಅಂದಾಗ "ಹಾಂ, ಇದು" ಅಂದರು. ಇಪ್ಪತ್ತು ವರ್ಷ ಕಾರು ಓಡಿಸಿದ್ದೆ. ಪೂರ್ತಿ ಬ್ರೇಕ್ ಅಂದರೆ ಏನು ಅಂತ ಆ ದಿನದವರೆಗೆ ನನ್ನ ಕಾಲಿಗೆ ಗೊತ್ತಿರಲಿಲ್ಲ.

ಸಂಜೆ ಅವರು ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಒಂದು ತಿರುವಿನಲ್ಲಿ ನಾನು ಇಡೀ ದಿನ 80ರಲ್ಲಿ ಹೋಗಿ, ಇದೇ ಕೊನೆ, ಇನ್ನು ಗಾಡಿ ಹಿಡಿಯಲ್ಲ ಅಂದುಕೊಂಡಿದ್ದೆ. ಅವರು ನೂರರಲ್ಲಿ ಹೋದರು. ಕೈ ಅಲುಗಲಿಲ್ಲ. ಹಳದಿ ದೀಪ ಹೊತ್ತಲಿಲ್ಲ. ಅದೇ ಕಾರು, ಅದೇ ಟೈರು, ಅದೇ ತಿರುವು. ಆ 80 ನನ್ನದಾಗಿತ್ತು, ಕಾರಿನದಲ್ಲ. ಆ ಅಂಕಿ ತಿಳಿದುಕೊಳ್ಳಲು ಕೊಟ್ಟ ದುಡ್ಡು ಒಂದು ಸೆಟ್ ಟೈರಿಗಿಂತ ಕಡಿಮೆ. (ಟ್ರ್ಯಾಕಿನಲ್ಲಿ ಗಾಡಿಗೆ ಪೆಟ್ಟಾದರೆ ಮಾಮೂಲಿ ಇನ್ಶೂರೆನ್ಸ್ ಕೊಡುವುದಿಲ್ಲ. ಹೋಗುವವರು ಮೊದಲೇ ಕೇಳಿಕೊಳ್ಳಿ.)

ಹಾಗಾದರೆ ರಸ್ತೆಯಲ್ಲಿ? ಒಣ ರಸ್ತೆ, ಒಳ್ಳೆಯ ಟೈರು ಇದ್ದರೆ ಇಂಥ ಗಾಡಿ ನೂರರಿಂದ ನಿಲ್ಲಲು 36 ಮೀಟರ್ ಆಸುಪಾಸು ಸಾಕು. ಸ್ಪೀಡು ಎರಡರಷ್ಟಾದರೆ ದೂರ ನಾಲ್ಕರಷ್ಟು. 200ರಲ್ಲಿ 144 ಮೀಟರ್. ಕಣ್ಣು ನೋಡಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಇನ್ನೂ 55 ಮೀಟರ್. ಒಟ್ಟು 200 ಮೀಟರ್. ರಾತ್ರಿ ಡಿಪ್ ಲೈಟಿನಲ್ಲಿ ಅಷ್ಟು ದೂರ ಕಾಣುವುದಿಲ್ಲ. ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್, ರಾಂಗ್ ಸೈಡಿನಲ್ಲಿ ಬರುವ ಬೈಕು, ಡಿವೈಡರ್ ಸಂದಿಯಿಂದ ದಾಟುವ ಅಜ್ಜಿ, ಇವರೆಲ್ಲ ಆ 200 ಮೀಟರ್ ಒಳಗೇ ಇರುತ್ತಾರೆ. ಮೈಸೂರು ಹೆದ್ದಾರಿಯಲ್ಲಿ 100 ಅಂತ ಮಿತಿ ಇಟ್ಟಿದ್ದನ್ನು, 130 ದಾಟಿದರೆ ಎಫ್‌ಐಆರ್ ಅಂತ 2024ರಲ್ಲಿ ನಮ್ಮ ಪೊಲೀಸರು ಶುರು ಮಾಡಿದ್ದನ್ನು ಬೈದುಕೊಳ್ಳುವ ಗೆಳೆಯರಿದ್ದಾರೆ. ನಾನು ಬೈಯುವುದಿಲ್ಲ. 2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಶೆ ಗುದ್ದಿ ಬೈಕಿನಲ್ಲಿದ್ದ ಇಬ್ಬರು ಯುವ ಇಂಜಿನಿಯರ್‌ಗಳು ಸತ್ತರು. ಕಾರಿನಲ್ಲಿದ್ದವರು ಬದುಕಿದರು. ಗಟ್ಟಿ ಗಾಡಿ ಕಾಪಾಡುವುದು ಒಳಗಿದ್ದವರನ್ನು.

ಅಳಿಯ ಈ ಭಾನುವಾರ ಬೆಳಗ್ಗೆ ಐದೂವರೆಗೆ ಗೆಳೆಯರ ಜೊತೆ ಏರ್‌ಪೋರ್ಟ್ ರಸ್ತೆ ದಾಟಿ ಚಿಕ್ಕಬಳ್ಳಾಪುರದ ಕಡೆ ಹೊರಟಿದ್ದಾನೆ. ಎಂಟು ಗಾಡಿ. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ಈ ಗಾಡಿಗಳ ಸಾಲಿನ ಬಗ್ಗೆ. ಮುಂದಿನವನ ಬ್ರೇಕ್ ಲೈಟ್ ನೋಡಿಕೊಂಡು ಓಡಿಸಲು ಶುರು ಮಾಡಿದರೆ ನಾವು ಅವನ ಕೈಯ ಮೇಲೆ ಓಡಿಸುತ್ತಿರುತ್ತೇವೆ, ನಮ್ಮ ಕೈಯ ಮೇಲಲ್ಲ. ಅವನು ಹತ್ತು ಸಲ ಟ್ರ್ಯಾಕಿಗೆ ಹೋಗಿ ಬಂದವನಿರಬಹುದು. ಇಲ್ಲ, ಅವನೂ ಅವನ ಮುಂದಿನವನನ್ನು ನೋಡಿ ಓಡಿಸುತ್ತಿರಬಹುದು. ಕೊನೆಯಲ್ಲಿ ಇರು ಪುಟ್ಟ. ಮುಂದಿನ ಗಾಡಿ ತಿರುವಿನಲ್ಲಿ ಮರೆಯಾದರೆ ಆಗಲಿ. ಇಡ್ಲಿ ಹತ್ತು ನಿಮಿಷ ತಡವಾಗಿ ತಿನ್ನು.

ಮುಂದಿನ ತಿಂಗಳು ಇಬ್ಬರೂ ಚೆನ್ನೈಗೆ ಹೋಗುವುದು ಅಂತ ಆಗಿದೆ. ಅಲ್ಲಿವರೆಗೆ ಅವನಿಗೆ ಒಂದೇ ಕೆಲಸ ಕೊಟ್ಟಿದ್ದೇನೆ. ಇಎಸ್‌ಸಿ ಯಾವತ್ತೂ ಆಫ್ ಮಾಡಬಾರದು. ಹಳದಿ ದೀಪ ಮಿಣುಕಿದಾಗಲೆಲ್ಲ ಎಲ್ಲಿ, ಯಾವಾಗ, ಆಗ ಕಾಲು ಏನು ಮಾಡುತ್ತಿತ್ತು ಅಂತ ಮನೆಗೆ ಬಂದು ಬರೆದಿಡಬೇಕು.

ನಿನ್ನೆ ರಾತ್ರಿ ಮೆಸೇಜ್ ಬಂತು. "ಮಾಮ, ಈ ವಾರ ಎರಡು ಸಲ. ಒಂದು ಹೆಬ್ಬಾಳ ಫ್ಲೈಓವರ್ ಇಳಿಯುವಾಗ, ಮಳೆ ನಿಂತ ಮೇಲೆ. ಕಾಲು ತಟ್ಟನೆ ತೆಗೆದಿದ್ದೆ. ಇನ್ನೊಂದು ಎಲ್ಲಿ ಅಂತ ಗೊತ್ತು, ಕಾಲು ಎಲ್ಲಿತ್ತು ಅಂತ ನೆನಪಾಗ್ತಿಲ್ಲ."