ಮುಂದಕ್ಕೆ ಎಂದರೆ ಯಾವ ಕಡೆಗೆ?

ಕಳೆದ ತಿಂಗಳು ಒಂದು ಶುಕ್ರವಾರ ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ, ಕಾಫಿ ಲೋಟ ಹಿಡಿದುಕೊಂಡು ಕಚೇರಿಯ ಮೀಟಿಂಗ್ ಕೋಣೆಯ ಬಾಗಿಲು ತಳ್ಳಿದೆ. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಬಿಳಿ ಹಲಗೆಯ ಮೇಲೆ ಅರ್ಧ ಒರೆಸಿದ ಲೆಕ್ಕ, ಮೇಜಿನ ಮೇಲೆ ಬಿಸ್ಕತ್ತಿನ ಪುಡಿ. ಎರಡು ಗಂಟೆಯ ಮೀಟಿಂಗನ್ನು ಒಂದು ತಾಸು ‘ಬ್ರಿಂಗ್ ಫಾರ್ವರ್ಡ್’ ಮಾಡಲಾಗಿದೆ ಎಂದು ಬೆಳಿಗ್ಗೆಯೇ ಸಂದೇಶ ಬಂದಿತ್ತು. ಮುಂದಕ್ಕೆ ಎಂದ ಮೇಲೆ ಮುಂದಕ್ಕೇ ತಾನೆ? ಎರಡರ ಮುಂದೆ ಮೂರು. ಆದರೆ ಅವರೆಲ್ಲ ಒಂದು ಗಂಟೆಗೇ ಸೇರಿ, ಮಾತಾಡಿ, ಬಿಸ್ಕತ್ತು ತಿಂದು ಎದ್ದು ಹೋಗಿದ್ದರು.

ನಮ್ಮ ಮ್ಯಾನೇಜರ್ ಒಳ್ಳೆಯ ಹೆಂಗಸು, ರೇಗಲಿಲ್ಲ. ‘ಪ್ರೀಪೋನ್ ಆಗಿದೆ ಎಂದು ಬರೆದಿದ್ದರೆ ಹನ್ನೆರಡೂಮುಕ್ಕಾಲಿಗೇ ಬಂದು ಕೂತಿರುತ್ತಿದ್ದೆ’ ಎಂದೆ. ಅವರ ಕಣ್ಣು ಅರಳಿತು. ‘ಎಷ್ಟು ಮುದ್ದಾದ ಪದ! ನೀವೇ ಕಟ್ಟಿದ್ದೇ?’ ಎಂದರು. ಬೈದಿದ್ದರೆ ಆ ಸಂಜೆಗೇ ಮರೆಯುತ್ತಿದ್ದೆ. ಆ ‘ಮುದ್ದಾದ’ ಮಾತ್ರ ಇನ್ನೂ ಚುಚ್ಚುತ್ತಿದೆ.

ಬೆಂಗಳೂರಿನಲ್ಲಿ ಹನ್ನೆರಡು ವರ್ಷ ದುಡಿದು ಇಂಗ್ಲೆಂಡಿನ ಲೀಡ್ಸ್‌ಗೆ ಬಂದವನು ನಾನು. ಬಂದು ಎರಡು ವರ್ಷವಾಗುತ್ತಾ ಬಂತು. ಅಲ್ಲಿ ಪೋಸ್ಟ್‌ಪೋನ್ ಎಂಬುದಕ್ಕೆ ಎದುರು ಪದ ಪ್ರೀಪೋನ್ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಲ್ಯಾಟಿನ್ನಿನಲ್ಲಿ ‘ಪೋಸ್ಟ್’ ಎಂದರೆ ಆಮೇಲೆ, ‘ಪೋನೆರೆ’ ಎಂದರೆ ಇಡುವುದು. ಆಮೇಲಕ್ಕೆ ಇಡುವುದಕ್ಕೆ ಒಂದು ಪದ ಇದ್ದರೆ ಮೊದಲೇ ಇಡುವುದಕ್ಕೂ ಒಂದು ಬೇಡವೇ? ಬೀಗ ಇಟ್ಟುಕೊಂಡು ಕೀಲಿಕೈ ಬೇಡ ಎಂದಂತಾಯಿತು.

ಇನ್ನು ‘ನೀವೇ ಕಟ್ಟಿದ್ದೇ’ ಎಂಬುದಕ್ಕೆ ಉತ್ತರ. ‘ಮುಂದೆ ಇಡು’ ಎಂಬ ಅರ್ಥದಲ್ಲಿ ಈ ಪದ 16ನೇ ಶತಮಾನದ ಇಂಗ್ಲಿಷಿನಲ್ಲೇ ಇತ್ತು. ಪೋಸ್ಟ್‌ಪೋನ್‌ಗೆ ಒಂದು ಎದುರು ಪದ ಬೇಕೇ ಬೇಕು, ಅದು ಪ್ರೀಪೋನ್ ಆಗಲಿ ಎಂದು 1913ರಲ್ಲೇ ‘ನ್ಯೂಯಾರ್ಕ್ ಟೈಮ್ಸ್’ಗೆ ಓದುಗರೊಬ್ಬರು ಪತ್ರ ಬರೆದಿದ್ದರು. ಇಂಗ್ಲಿಷರು ಕಿವಿಗೊಡಲಿಲ್ಲ, ನಾವು ದಿನಬಳಕೆಗೆ ತಂದೆವು. ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಅದು ಇದೆ, ಭಾರತದ ಇಂಗ್ಲಿಷ್ ಎಂಬ ಹಣೆಪಟ್ಟಿಯೊಂದಿಗೆ. ಇದನ್ನೆಲ್ಲ ಮ್ಯಾನೇಜರಿಗೆ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವರು ಮನೆಗೆ ಹೊರಟಿದ್ದರು. ಶುಕ್ರವಾರ ನಾಲ್ಕರ ಮೇಲೆ ಇಲ್ಲಿ ಯಾರೂ ಕೈಗೆ ಸಿಗುವುದಿಲ್ಲ.

ನನ್ನ ತಪ್ಪಿನ ಮೂಲ ಕನ್ನಡದಲ್ಲಿತ್ತು. ಮುಂದೂಡು ಎನ್ನುತ್ತೇವಲ್ಲ, ಅದರೊಳಗೆ ಒಂದು ‘ದೂಡು’ ಇದೆ. ಕೆಟ್ಟು ನಿಂತ ಬಸ್ಸನ್ನು ಇಳಿದು ದೂಡಿದ ಯಾರಿಗೂ ಗೊತ್ತು: ಮುಂದಕ್ಕೆ ದೂಡಿದಷ್ಟೂ ಬಸ್ಸು ನಮ್ಮಿಂದ ದೂರ ಹೋಗುತ್ತದೆ. ಪರೀಕ್ಷೆಯನ್ನು ಮುಂದಕ್ಕೆ ಹಾಕಿದರು ಎಂದರೆ ಓದದ ಹುಡುಗರಿಗೆ ಹಬ್ಬ. ಇಂಗ್ಲಿಷರದು ದೂಡುವ ಜಾಯಮಾನವಲ್ಲ, ಕೂತಲ್ಲಿಗೇ ತರಿಸಿಕೊಳ್ಳುವ ಜಾಯಮಾನ. ಎಲೆಯ ತುದಿಯಲ್ಲಿರುವ ಹೋಳಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಂತೆ ದಿನವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ; ಅದು ‘ಬ್ರಿಂಗ್ ಫಾರ್ವರ್ಡ್’. ತಡ ಮಾಡುವುದಿದ್ದರೆ ‘ಪುಟ್ ಬ್ಯಾಕ್’, ಹಿಂದಕ್ಕಿಡು. ನಮಗೆ ಮುಂದಕ್ಕೆ ಹೋದದ್ದು ತಡ, ಅವರಿಗೆ ಹಿಂದಕ್ಕೆ ಹೋದದ್ದು ತಡ. ಪದಕ್ಕೆ ಪದ ಇಟ್ಟು ಅನುವಾದಿಸಿದರೆ ಅರ್ಥ ತಲೆಕೆಳಗು.

ಅವರಲ್ಲಾದರೂ ಇದು ನೆಟ್ಟಗಿದೆಯೇ? ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಗಡಿಯಾರಗಳನ್ನು ‘ಫಾರ್ವರ್ಡ್’ ಮಾಡುತ್ತಾರೆ. ರಾತ್ರಿ ಒಂದು ಗಂಟೆ ಇದ್ದದ್ದು ಎರಡಾಗುತ್ತದೆ. ಗಡಿಯಾರ ಫಾರ್ವರ್ಡ್ ಆದರೆ ಒಂದು ಎರಡಾಗುತ್ತದೆ, ಮೀಟಿಂಗು ಫಾರ್ವರ್ಡ್ ಆದರೆ ಎರಡು ಒಂದಾಗುತ್ತದೆ. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ ಫಾರ್ವರ್ಡ್’ ಮಾಡಿದರೆ ಯಾವ ವಾರ ಎಂದು ಲೆರಾ ಬೊರೊಡಿಟ್ಸ್ಕಿ ಎಂಬ ಮನೋವಿಜ್ಞಾನಿ ಇಂಗ್ಲಿಷ್ ಮಾತಾಡುವವರನ್ನೇ ಕೇಳಿ ನೋಡಿದ್ದಾರೆ. ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ. ನಾನೂ ಕಚೇರಿಯ ಚಹಾ ಯಂತ್ರದ ಪಕ್ಕ ನಿಂತು ಐದು ಜನರನ್ನು ಕೇಳಿದೆ. ಮೂವರು ಸೋಮವಾರ, ಒಬ್ಬ ಶುಕ್ರವಾರ ಎಂದರು. ಐದನೆಯವನು ಬುಧವಾರ ನನಗೆ ರಜೆ ಎಂದ. ಪ್ರೀಪೋನ್ ಎಂದು ಕೇಳಿದ್ದರೆ ಈ ಪಜೀತಿ ಇದೆಯೇ?

ಈ ಪದ ನಮ್ಮಲ್ಲೇ ಏಕೆ ಬೇರು ಬಿಟ್ಟಿತು ಎಂಬುದಕ್ಕೆ ನನ್ನದೊಂದು ಊಹೆ ಇದೆ. ಇಲ್ಲಿನವರು ಆರು ವಾರ ಮೊದಲೇ ರಾತ್ರಿಯೂಟಕ್ಕೆ ಕರೆಯುತ್ತಾರೆ, ಆರು ವಾರದ ನಂತರ ಅದೇ ದಿನ, ಅದೇ ಹೊತ್ತಿಗೆ ಬಡಿಸುತ್ತಾರೆ. ಮಧ್ಯೆ ಏನಾದರೂ ಆದರೆ ರದ್ದು ಮಾಡಿಯಾರೇ ಹೊರತು, ನಾಳೆಯೇ ಬಂದುಬಿಡಿ ಎನ್ನುವವರಲ್ಲ. ನಮ್ಮಲ್ಲಿ? ಅಜ್ಜಿಗೆ ಹುಷಾರಿಲ್ಲ, ಮದುವೆ ಮೊದಲೇ ಮುಗಿಸಿಬಿಡೋಣ. ಆಷಾಢ ಬಂದುಬಿಡುತ್ತದೆ, ಈ ವಾರವೇ ಹಾಲುಕ್ಕಿಸಿಬಿಡೋಣ. ಅಳಿಯನಿಗೆ ರಜೆ ಸಿಕ್ಕಿದೆ, ನಾಮಕರಣ ಭಾನುವಾರವೇ ಆಗಲಿ. ಮನೆಮಂದಿಯೆಲ್ಲ ಒಂದು ರಾತ್ರಿಯಲ್ಲಿ ದಿನ ಬದಲಿಸಿ, ಅಡುಗೆಯವರಿಗೆ ಫೋನ್ ಮಾಡಿ, ಬೆಳಗಾಗುವಷ್ಟರಲ್ಲಿ ಇನ್ನೂರು ಜನರಿಗೆ ಸುದ್ದಿ ಮುಟ್ಟಿಸುತ್ತಾರೆ. ಇಂಥ ಜನಕ್ಕೆ ಪದ ಬೇಕಿತ್ತು, ಮಾಡಿಕೊಂಡರು. ಆರು ವಾರದ ಡೈರಿಯವರಿಗೆ ಅದರ ಅಗತ್ಯ ಬೀಳಲಿಲ್ಲ.

ಇಷ್ಟು ಬರೆದ ಮೇಲೆ ಒಂದು ವಿಷಯ ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಪ್ರೀಪೋನ್‌ಗೆ ಕನ್ನಡದಲ್ಲೂ ಒಂದೇ ಪದವಿಲ್ಲ. ಪತ್ರಿಕೆಗಳಿಗೆ ‘ಮುಂದೂಡಿಕೆ’ ಎಂಬ ತಲೆಬರಹ ಸಲೀಸು. ಅದರ ಎದುರಿನದಕ್ಕೆ ‘ನಿಗದಿತ ದಿನಕ್ಕಿಂತ ಮೊದಲೇ’ ಎಂದು ಉದ್ದಕ್ಕೆ ಬರೆಯಬೇಕು. ಮುಂದೂಡುವುದರಲ್ಲೇ ನಮಗೆ ಹೆಚ್ಚು ಅಭ್ಯಾಸವೋ ಏನೋ. ದೆವ್ವವನ್ನೇ ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆದು ಸಾಗಹಾಕಿದವರು ನಾವು. ಮೇಸ್ತ್ರಿ, ಬಡಗಿ, ಕಚೇರಿಯ ಗುಮಾಸ್ತ ಎಲ್ಲರ ಬಾಯಲ್ಲೂ ಅದೇ ನಾಳೆ, ಮತ್ತು ಅದನ್ನೂ ನಾವು ಹೋಗಿ ಕೇಳಿದರೆ ಮಾತ್ರ ಹೇಳುತ್ತಾರೆ. ಇಲ್ಲಿನವರು ಯಾವ ದಿಕ್ಕಿಗೆ ಸರಿಸಿದರೂ ಮೊದಲೇ ತಿಳಿಸುತ್ತಾರೆ. ಆ ಶುಕ್ರವಾರವೂ ತಿಳಿಸಿದ್ದರು.

ಇನ್ನೊಂದು, ಇದು ಹೇಳಲೇ ಬಾರದೆಂದುಕೊಂಡಿದ್ದೆ. ಜೂನ್‌ನಲ್ಲಿ ಮೊದಲು ಬರುವ ಮಳೆ ಮುಂಗಾರು, ಅಕ್ಟೋಬರ್ ಹೊತ್ತಿಗೆ ಆಮೇಲೆ ಬರುವುದು ಹಿಂಗಾರು. ಮೊದಲೇ ಕೊಡುವ ಹಣ ಮುಂಗಡ. ಮುಂಚೆ, ಮುನ್ನ, ಮುಂಜಾನೆ ಎಲ್ಲದರಲ್ಲೂ ‘ಮುಂ’ ಎಂದರೆ ಬೇಗ, ಮೊದಲು. ಹೀಗೆ ನೋಡಿದರೆ ‘ಬ್ರಿಂಗ್ ಫಾರ್ವರ್ಡ್’ ಎಂಬುದು ನಮ್ಮ ಮುಂಗಾರಿನ ಲೆಕ್ಕ. ರೈತರ ಮನೆಯಲ್ಲಿ ಹುಟ್ಟಿದವನಿಗೆ ಇದು ಮೀಟಿಂಗ್ ತಪ್ಪಿಸಿಕೊಂಡ ಮೇಲೆ ಹೊಳೆಯಿತು.

ಮೊನ್ನೆ ಭಾನುವಾರ ಅಮ್ಮ ಫೋನ್ ಮಾಡಿದ್ದರು. ‘ಅಣ್ಣನ ಮನೆಯ ಗೃಹಪ್ರವೇಶ ಮುಂದಕ್ಕೆ ಹೋಯಿತಪ್ಪಾ’ ಎಂದರು. ನಾನು ವಿಮಾನದ ಟಿಕೆಟ್ ತೆರೆದಿಟ್ಟುಕೊಂಡು, ‘ಮುಂದಕ್ಕೆ ಎಂದರೆ ಯಾವ ಕಡೆಗಮ್ಮಾ?’ ಎಂದು ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಶ್ರಾವಣಕ್ಕೆ’ ಎಂದರು. ಮತ್ತೆ ದನಿ ತಗ್ಗಿಸಿ, ‘ಸರಿಯಾಗಿ ನಿದ್ದೆ ಮಾಡುತ್ತಿದ್ದೀಯ ತಾನೆ?’ ಎಂದರು.